ನಕ್ಷೆ, ನಮೂನೆ, ವಿನ್ಯಾಸ: ಹೆಂಚಿನ ಮಾಡಿನಿಂದ ಹಜ್ ಟರ್ಮಿನಲ್‌ವರೆಗೆ

(ಸಂಘದ ವಾರ್ಷಿಕ ಸಮಾರಂಭದಲ್ಲಿ ನೀಡಿದ ಉಪನ್ಯಾಸದ ಲಿಖಿತ ರೂಪ)



ನಮ್ಮ ಸಂಘದ ವೇದಿಕೆಯಲ್ಲಿ ಸಾಮಾನ್ಯವಾಗಿ ಪರೀಕ್ಷೆ, ಅಂಕ, ವಿದ್ಯಾರ್ಥಿವೇತನ, ಮೆಡಿಕಲ್ ಮತ್ತು ಇಂಜಿನಿಯರಿಂಗ್ ಸೀಟುಗಳ ಬಗ್ಗೆ ಮಾತು ನಡೆಯುತ್ತದೆ. ಅದು ಅಗತ್ಯವೂ ಹೌದು. ಆದರೆ ಇಂದು ನನಗೆ ವಹಿಸಿರುವ ವಿಷಯ ಸ್ವಲ್ಪ ಬೇರೆ. ದಿನಬಳಕೆಯ ವಸ್ತುಗಳಲ್ಲಿ, ಮನೆಗಳಲ್ಲಿ ಮತ್ತು ಕಟ್ಟಡಗಳಲ್ಲಿ ಕಾಣುವ ಹೊಸ ವಿನ್ಯಾಸಗಳ ಕುರಿತು ನಾಲ್ಕು ಮಾತು ಹೇಳಬೇಕಾಗಿದೆ. ಭಾಷೆ ಕಲಿಸುವವರಿಗೂ ಕಟ್ಟಡಕ್ಕೂ ಏನು ಸಂಬಂಧ ಎಂದು ನಿಮಗೆ ಅನಿಸಬಹುದು. ಹಾಗಾಗಿ ಪದಗಳಿಂದಲೇ ಆರಂಭಿಸುತ್ತೇನೆ.

ಮನೆ ಕಟ್ಟುವ ಮುನ್ನ ನಾವು 'ನಕ್ಷೆ' ಮಾಡಿಸುತ್ತೇವೆ. ಈ ಪದ ಅರಬ್ಬಿಯಿಂದ ಹೊರಟು, ಫಾರ್ಸಿ ಮತ್ತು ಉರ್ದುವಿನ ಮೂಲಕ ಕನ್ನಡಕ್ಕೆ ಬಂದಿದೆ. 'ನಮೂನೆ' ಫಾರ್ಸಿಯದು. 'ಮೇಜು' ಫಾರ್ಸಿಯ ಮೇಝ್. ಆಯತುಲ್ ಕುರ್ಸಿ ಓದುವ ಮಕ್ಕಳಿಗೆ 'ಕುರ್ಚಿ' ಎಲ್ಲಿಂದ ಬಂತೆಂದು ಬೇರೆ ಹೇಳಬೇಕಾಗಿಲ್ಲ. 'ಜನೇಲು', 'ಮೇಸ್ತ್ರಿ', 'ಚಾವಿ' ಪೋರ್ಚುಗೀಸರಿಂದ ಬಂದವು. 'ವಿನ್ಯಾಸ' ಸಂಸ್ಕೃತದ ಪದ. ಯಾವುದನ್ನು ಎಲ್ಲಿಡಬೇಕೋ ಅಲ್ಲಿ ಕ್ರಮವಾಗಿ ಇಡುವುದು ಎಂಬುದು ಅದರ ಮೂಲ ಅರ್ಥ. ಅಂದರೆ ಒಂದು ಸಾಧಾರಣ ಮನೆಯನ್ನು ವರ್ಣಿಸಲು ಹೊರಟರೆ ಅರಬ್ಬಿ, ಫಾರ್ಸಿ, ಪೋರ್ಚುಗೀಸ್, ಸಂಸ್ಕೃತ, ಕನ್ನಡ ಎಲ್ಲವೂ ಒಂದೇ ಜಗಲಿಯಲ್ಲಿ ಬಂದು ಕುಳಿತುಕೊಳ್ಳುತ್ತವೆ. ಪದಗಳು ಊರೂರು ತಿರುಗಿದಂತೆ ವಸ್ತುಗಳೂ ತಿರುಗುತ್ತವೆ. ನಮ್ಮ ಬಾಯಿಗೆ ಹೊಂದಿದ ಪದ ಉಳಿಯುತ್ತದೆ, ನಮ್ಮ ಬದುಕಿಗೆ ಹೊಂದಿದ ವಸ್ತು ಉಳಿಯುತ್ತದೆ. ಈ ಹೊಂದಿಕೆಯನ್ನೇ ನಾನು ವಿನ್ಯಾಸ ಎಂದು ಕರೆಯುತ್ತೇನೆ.

ವಿನ್ಯಾಸ ಎಂದ ಕೂಡಲೇ ನಮ್ಮ ಮನಸ್ಸಿಗೆ ಬರುವುದು ಅಲಂಕಾರ. ಗೇಟಿನ ಮೇಲೆ ಬಳ್ಳಿ, ಗೋಡೆಯ ಮೇಲೆ ಟೈಲ್ಸ್, ಸೀಲಿಂಗಿನಲ್ಲಿ ಬಣ್ಣದ ದೀಪ. ಅಲಂಕಾರ ತಪ್ಪಲ್ಲ. ಆದರೆ ಅದು ಕೊನೆಯ ಕೆಲಸ. ಮೊದಲು ಕೇಳಬೇಕಾದ ಪ್ರಶ್ನೆಗಳು ಮೂರು. ಇದನ್ನು ಬಳಸುವವರು ಯಾರು? ಇದು ಯಾವ ಊರಿಗೆ, ಯಾವ ಹವೆಗೆ? ಇದು ಕೆಟ್ಟರೆ ರಿಪೇರಿ ಮಾಡುವವರು ಯಾರು? ಈ ಮೂರಕ್ಕೂ ಉತ್ತರ ಕೊಡುವ ವಸ್ತುವೇ ಉತ್ತಮ ವಿನ್ಯಾಸ. ಮುಂದೆ ನಾನು ಕೊಡುವ ಉದಾಹರಣೆಗಳನ್ನೆಲ್ಲ ಈ ಮೂರು ಪ್ರಶ್ನೆಗಳಿಂದಲೇ ನೀವು ಒರೆಗೆ ಹಚ್ಚಿ ನೋಡಬೇಕು.

ಚೊಂಬಿನಿಂದ ಕಲಿತ ಪಾಠ

1958ರಲ್ಲಿ ಚಾರ್ಲ್ಸ್ ಈಮ್ಸ್ ಮತ್ತು ರೇ ಈಮ್ಸ್ ಎಂಬ ಅಮೆರಿಕದ ಪ್ರಸಿದ್ಧ ವಿನ್ಯಾಸಕಾರ ದಂಪತಿ ಭಾರತ ಸರಕಾರದ ಆಹ್ವಾನದಂತೆ ನಮ್ಮ ದೇಶವನ್ನು ಸುತ್ತಿ ಒಂದು ವರದಿ ಕೊಟ್ಟರು. ಆ ವರದಿಯ ಫಲವಾಗಿಯೇ 1961ರಲ್ಲಿ ಅಹ್ಮದಾಬಾದಿನಲ್ಲಿ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಆರಂಭವಾಯಿತು. ಇಷ್ಟು ದೊಡ್ಡ ದೇಶದಲ್ಲಿ ಅವರು ಕಂಡ ವಸ್ತುಗಳಲ್ಲಿ ಬಹುವಾಗಿ ಮೆಚ್ಚಿಕೊಂಡದ್ದು ಯಾವುದು ಗೊತ್ತೇ? ಲೋಟಾ. ಅಂದರೆ ನಮ್ಮ ನಿಮ್ಮ ಮನೆಯ ಚೊಂಬು, ತಂಬಿಗೆ.

ಅದರಲ್ಲಿ ಅಂಥದ್ದೇನಿದೆ? ಎಷ್ಟು ನೀರು ಹಿಡಿಯಬೇಕು, ಹೆಣ್ಣುಮಗಳ ಕೈಗೆ ಭಾರ ಎಷ್ಟಾಗಬಹುದು, ಸೊಂಟದ ಮೇಲಿಟ್ಟರೆ ಹೇಗೆ ಕೂರಬೇಕು, ತುಂಬಿದಾಗಲೂ ಖಾಲಿಯಾದಾಗಲೂ ಉರುಳದಿರಲು ತಳ ಹೇಗಿರಬೇಕು, ಒಳಗೆ ಕೈಹಾಕಿ ತೊಳೆಯಲು ಬಾಯಿ ಎಷ್ಟು ಅಗಲ ಬೇಕು, ಬೆರಳಿಗೆ ಹಿಡಿತ ಸಿಗಲು ಕಂಠ ಎಷ್ಟು ಸಪೂರ ಬೇಕು. ಇವೆಲ್ಲ ಪ್ರಶ್ನೆಗಳಿಗೆ ಆ ಒಂದು ಪಾತ್ರೆ ಉತ್ತರ ಕೊಟ್ಟಿದೆ. ಅದನ್ನು ಯಾರೋ ಒಬ್ಬರು ಕುಳಿತು ಕಂಡುಹಿಡಿದದ್ದಲ್ಲ. ಅನೇಕ ತಲೆಮಾರುಗಳ ಕುಂಬಾರರು, ಕಂಚುಗಾರರು ಮತ್ತು ನೀರು ಹೊತ್ತ ಹೆಂಗಸರು ಸೇರಿ ತಿದ್ದಿದ್ದು. ಅದಕ್ಕೇ ಒಂದು ಮೂತಿ ಸೇರಿಸಿದರೆ ಗಿಂಡಿಯಾಗುತ್ತದೆ. ಉರ್ದುವಿನಲ್ಲಿ ಬಧ್ನಾ ಎನ್ನುತ್ತೇವೆ. ನಮ್ಮ ಹಿರಿಯರು ಅದರಿಂದಲೇ ವುಝೂ ಮಾಡುತ್ತಿದ್ದರು. ಸಪೂರ ಮೂತಿಯಿಂದ ಸಪೂರ ನೀರು ಬರುತ್ತದೆ, ಪೋಲಾಗುವುದಿಲ್ಲ.

ಇಲ್ಲಿ ನಿಂತು ಸ್ವಲ್ಪ ಯೋಚಿಸೋಣ. ಪ್ರವಾದಿವರ್ಯರು(ಸ) ಒಂದು ಮುದ್ದ್ ನೀರಿನಲ್ಲಿ ವುಝೂ ಮಾಡುತ್ತಿದ್ದರೆಂದು ಹದೀಸ್ ಗ್ರಂಥಗಳಲ್ಲಿ ನಾವು ಓದಿದ್ದೇವೆ. ಇಂದಿನ ಲೆಕ್ಕದಲ್ಲಿ ಅದು ಸುಮಾರು ಮುಕ್ಕಾಲು ಲೀಟರ್. ಈಗ ನಮ್ಮ ನಲ್ಲಿಯ ಲೆಕ್ಕ ಮಾಡಿ. ಒಂದು ನಲ್ಲಿಯಿಂದ ನಿಮಿಷಕ್ಕೆ 6 ಲೀಟರ್ ನೀರು ಬರುತ್ತದೆ ಎಂದಿಟ್ಟುಕೊಂಡರೆ, ಎರಡು ನಿಮಿಷ ತೆರೆದಿಟ್ಟವನು 12 ಲೀಟರ್ ಖರ್ಚು ಮಾಡಿದಂತಾಯಿತು. ನೂರು ಜನರಿಗೆ 1,200 ಲೀಟರ್. ನಲ್ಲಿ ತೆರೆದಿಟ್ಟವನು ಕೆಟ್ಟವನಲ್ಲ. ಅವನ ಕೈಗೆ ಸಿಕ್ಕಿದ ವಸ್ತುವಿನ ವಿನ್ಯಾಸವೇ ಹಾಗಿದೆ. ಗಿಂಡಿ ಅವನಿಗೆ ಮಿತವ್ಯಯ ಕಲಿಸುತ್ತಿತ್ತು, ನಲ್ಲಿ ಅವನಿಗೆ ದುಂದು ಕಲಿಸುತ್ತಿದೆ. ಒಳ್ಳೆಯ ವಿನ್ಯಾಸವು ಉಪದೇಶದ ಅರ್ಧ ಕೆಲಸವನ್ನು ತಾನೇ ಮಾಡಿಬಿಡುತ್ತದೆ.

ಮಾಡಿನ ಕಥೆ

ಈಗ ಪಾತ್ರೆಯಿಂದ ಮನೆಗೆ ಬರೋಣ. ನಮ್ಮ ಸಿದ್ದಾಪುರ ಘಟ್ಟದ ಬುಡದ ಊರು. ಜೂನ್ ಬಂತೆಂದರೆ ಆಕಾಶವೇ ಕೆಳಗಿಳಿಯುತ್ತದೆ. ಈ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಬೀಳುತ್ತದೆ. ಅದೂ ಬಹುಪಾಲು ನಾಲ್ಕೇ ತಿಂಗಳಲ್ಲಿ. ಇಂಥ ಊರಿನಲ್ಲಿ ಮನೆಯ ಅತಿ ಮುಖ್ಯ ಭಾಗ ಗೋಡೆಯಲ್ಲ, ಮಾಡು.

ಹಿಂದೆ ಬಡವರಿಗೆ ಮುಳಿಹುಲ್ಲಿನ ಮಾಡು, ಅನುಕೂಲಸ್ಥರಿಗೆ ಕುಂಬಾರರು ಮಾಡಿದ ಕೈಹೆಂಚು. ಹುಲ್ಲನ್ನು ವರ್ಷ ವರ್ಷವೂ ಹೊದೆಸಬೇಕು, ಜೊತೆಗೆ ಬೆಂಕಿಯ ಭಯ. ಈ ಸ್ಥಿತಿಯನ್ನು ಬದಲಾಯಿಸಿದ್ದು ಒಂದು ಹೆಂಚು. 1865ರಲ್ಲಿ ಬಾಸೆಲ್ ಮಿಶನ್‌ನ ಜಾರ್ಜ್ ಪ್ಲೆಬ್ಸ್ಟ್ ಅವರು ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಆರಂಭಿಸಿದರು. ನದಿ ದಂಡೆಯ ಜೇಡಿಮಣ್ಣು ಅದಕ್ಕೆ ಕಚ್ಚಾವಸ್ತು. 1886ರಲ್ಲಿ ನಮ್ಮ ಮಲ್ಪೆಯಲ್ಲಿಯೂ ಮಿಶನ್‌ನ ಕಾರ್ಖಾನೆ ಬಂತು. ಒಂದರೊಳಗೊಂದು ಸಿಕ್ಕಿಕೊಳ್ಳುವ ಹೆಂಚಿನ ಉಪಾಯ ಮೂಲತಃ ಫ್ರಾನ್ಸಿನದು. ಅಲ್ಲಿನ ಆಲ್ಸಾಸ್ ಪ್ರಾಂತ್ಯದ ಗಿಲಾರ್ಡೋನಿ ಸಹೋದರರು 1841ರಲ್ಲಿ ಅದಕ್ಕೆ ಪೇಟೆಂಟ್ ಪಡೆದಿದ್ದರು. ಆದರೆ ಹೆಸರು ಉಳಿದದ್ದು ಮಂಗಳೂರಿನದು. ಕುರ್ಚಿ ಎಂಬ ಪದ ಕನ್ನಡದ್ದಾದಂತೆ ಈ ಹೆಂಚೂ ನಮ್ಮದಾಯಿತು.

ಅದರ ಜಾಣತನ ನೋಡಿ. ಒಂದು ಹೆಂಚಿನ ತೋಡಿಗೆ ಇನ್ನೊಂದರ ಏಣು ಕೂರುತ್ತದೆ, ಆದ್ದರಿಂದ ಗಾರೆ ಬೇಡ. ಹಿಂಬದಿಯ ಗುಬುಟು ರೀಪಿಗೆ ಸಿಕ್ಕಿಕೊಳ್ಳುತ್ತದೆ, ಆದ್ದರಿಂದ ಜಾರುವುದಿಲ್ಲ. ಮಳೆನೀರು ತೋಡಿನಲ್ಲೇ ಹರಿದು ಇಳಿಯುತ್ತದೆ. ಸಣ್ಣ ಸಂದುಗಳಿಂದ ಒಳಗಿನ ಬಿಸಿಗಾಳಿ, ಒಲೆಯ ಹೊಗೆ ಮೇಲೆ ಹೋಗುತ್ತವೆ. ಬೆಳಕು ಬೇಕೆಂದರೆ ನಡುವೆ ಒಂದು ಗಾಜಿನ ಹೆಂಚು. ತೆಂಗಿನಕಾಯಿ ಬಿದ್ದು ಒಡೆದರೆ ಆ ಒಂದನ್ನೇ ತೆಗೆದು ಇನ್ನೊಂದನ್ನು ಇಡಬಹುದು. ಅದಕ್ಕೆ ಇಂಜಿನಿಯರ್ ಬೇಕಾಗಿಲ್ಲ. ನಾನು ಹೇಳಿದ ಮೂರು ಪ್ರಶ್ನೆಗಳಿಗೂ ಇಲ್ಲಿ ಉತ್ತರವಿದೆ.

ಹಾಗೆಂದು ಎಲ್ಲರೂ ಹೆಂಚಿನ ಮನೆಗೇ ಮರಳಿ ಎಂದು ನಾನು ಹೇಳುತ್ತಿಲ್ಲ. ಮರದ ಬೆಲೆ ಏರಿದೆ. ಪಕ್ಕಾಸಿಗೆ ಗೆದ್ದಲು ಹಿಡಿಯುತ್ತದೆ. ಮಂಗಗಳ ಕಾಟ ಬೇರೆ. ಮಾಡು ಹತ್ತುವ ಕೆಲಸಗಾರರು ಸಿಗುವುದಿಲ್ಲ. ಜನ ಆರ್‌ಸಿಸಿ ಮನೆ ಕಟ್ಟಿದ್ದಕ್ಕೆ ಕಾರಣವಿದೆ. ಆದರೆ ನಾವು ಕಟ್ಟಿದ್ದು ಹೇಗೆ? ಗಲ್ಫಿನಲ್ಲಿ ಹತ್ತಿಪ್ಪತ್ತು ವರ್ಷ ಬೆವರು ಸುರಿಸಿ ದುಡಿದ ಹಣದಲ್ಲಿ, ಗಲ್ಫಿನಲ್ಲೇ ಕಂಡ ಮನೆಯ ಚಿತ್ರವನ್ನು ಇಲ್ಲಿ ತಂದು ಇಟ್ಟೆವು. ಅಲ್ಲಿ ಮಳೆ ಅಪರೂಪ, ಆದ್ದರಿಂದ ಸಪಾಟು ಟೆರೇಸು ನಡೆಯುತ್ತದೆ. ಇಲ್ಲಿ ಅದೇ ಟೆರೇಸಿನ ಮೇಲೆ ನಾಲ್ಕು ತಿಂಗಳು ನೀರು. ಬೇಸಿಗೆಯಲ್ಲಿ ಕಾಂಕ್ರೀಟು ಹಗಲಿಡೀ ಬಿಸಿಲನ್ನು ಹೀರಿಕೊಂಡು ರಾತ್ರಿ ಅದೇ ಬಿಸಿಯನ್ನು ಮಲಗಿದವರ ಮೇಲೆ ಸುರಿಯುತ್ತದೆ. ಕೆಲವೇ ವರ್ಷಗಳಲ್ಲಿ ಸೋರಿಕೆ, ಪಾಚಿ, ಗೋಡೆಗೆ ತೇವ. ಆಮೇಲೆ ಟೆರೇಸಿನ ಮೇಲೆ ಕಬ್ಬಿಣದ ಕಂಬ ನಿಲ್ಲಿಸಿ ಶೀಟು ಹೊದೆಸುತ್ತೇವೆ. ಸಿದ್ದಾಪುರದಿಂದ ಕುಂದಾಪುರದವರೆಗೆ ಬಸ್ಸಿನ ಕಿಟಕಿಯಿಂದ ನೋಡುತ್ತಾ ಹೋಗಿ, ಎಷ್ಟು ಮನೆಗಳಿಗೆ ಎರಡೆರಡು ಮಾಡುಗಳಿವೆ ಎಂದು ಎಣಿಸಿ. ಒಂದು ಮನೆಗೆ ಎರಡು ಮಾಡಿನ ಹಣ ಕೊಟ್ಟಿದ್ದೇವೆ. ಆ ಎರಡನೆಯ ಮಾಡಿನ ಹಣ ಎಂದರೆ ಯಾವುದೋ ತಂದೆ ಮಕ್ಕಳಿಂದ ದೂರವಿದ್ದು ದುಡಿದ ಇನ್ನೂ ಕೆಲವು ತಿಂಗಳು. ವಿನ್ಯಾಸದ ಕೊರತೆ ಎಂಬುದು ಕೇವಲ ಅಂದಚಂದದ ಪ್ರಶ್ನೆಯಲ್ಲ ಎಂದು ನಾನು ಹೇಳುವುದು ಈ ಕಾರಣಕ್ಕೆ.

ಇದಕ್ಕೆ ಪರಿಹಾರವನ್ನು ಕಂಡುಕೊಂಡವರಿದ್ದಾರೆ. ಇಂಗ್ಲೆಂಡಿನಲ್ಲಿ ಹುಟ್ಟಿ ಕೇರಳದಲ್ಲಿ ನೆಲೆಸಿದ್ದ ವಾಸ್ತುಶಿಲ್ಪಿ ಲಾರಿ ಬೇಕರ್ (1917-2007) ಅವರು ಕಾಂಕ್ರೀಟನ್ನೂ ಹೆಂಚನ್ನೂ ಸೇರಿಸುವ ವಿಧಾನವನ್ನು ಜನಪ್ರಿಯಗೊಳಿಸಿದರು. ಸ್ಲ್ಯಾಬಿನ ಮೇಲೆ ಭಾರ ಬಿದ್ದಾಗ ಅದರ ಮೇಲಿನ ಭಾಗ ಒತ್ತಿಕೊಳ್ಳುತ್ತದೆ, ಕೆಳಗಿನ ಭಾಗ ಎಳೆದುಕೊಳ್ಳುತ್ತದೆ. ಆ ಎಳೆತವನ್ನು ತಡೆಯುವುದು ಕಬ್ಬಿಣದ ಸರಳು. ಸರಳುಗಳ ನಡುವೆ ಕೆಳಗಿರುವ ಕಾಂಕ್ರೀಟು ಹೆಚ್ಚು ಕೆಲಸ ಮಾಡುವುದಿಲ್ಲ, ಬರೀ ತೂಕ. ಹಾಗಾದರೆ ಆ ಜಾಗದಲ್ಲಿ ಎರಡು ಮಂಗಳೂರು ಹೆಂಚನ್ನು ಒಂದರ ಮೇಲೊಂದು ಇಟ್ಟರೇನು? ಕಾಂಕ್ರೀಟು ಉಳಿಯುತ್ತದೆ, ಸ್ಲ್ಯಾಬು ಹಗುರವಾಗುತ್ತದೆ, ಹೆಂಚುಗಳ ನಡುವಿನ ಗಾಳಿ ಬಿಸಿಯನ್ನು ತಡೆಯುತ್ತದೆ. ಹಳೆಯ ಮನೆ ಕೆಡವಿದಾಗ ರಾಶಿ ಬೀಳುವ ಹೆಂಚಿಗೂ ಒಂದು ಬಾಳು ಸಿಗುತ್ತದೆ. ಇದನ್ನು ತಿಳಿದ ಇಂಜಿನಿಯರರ ಲೆಕ್ಕದಂತೆಯೇ ಮಾಡಿಸಬೇಕು, ಅಂದಾಜಿನಲ್ಲಿ ಮಾಡಬಾರದು. ನಾನು ಹೇಳಹೊರಟಿದ್ದು ಇಷ್ಟೇ: ಹಳೆಯದೋ ಹೊಸದೋ ಎಂಬ ಜಗಳವೇ ಅನಗತ್ಯ. ಬುದ್ಧಿವಂತ ವಿನ್ಯಾಸದಲ್ಲಿ ಎರಡೂ ಕೂಡಿ ಬಾಳುತ್ತವೆ.

ನಮ್ಮ ಮನೆಯ ಗೋಡೆಗಳಿಗೂ ಇದೇ ಮಾತು. ನೆಲದಡಿಯಿಂದ ಕಡಿದು ತೆಗೆದ ಕೆಂಪುಕಲ್ಲು, ಅಂದರೆ ಮುರಕಲ್ಲು, ಗಾಳಿಗೆ ಒಡ್ಡಿಕೊಂಡಂತೆ ಗಟ್ಟಿಯಾಗುವ ವಿಚಿತ್ರ ಕಲ್ಲು. ಸುಡಲು ಸೌದೆ ಬೇಡ, ದೂರದಿಂದ ತರಬೇಕಾಗಿಲ್ಲ. ಕಲ್ಲು ಸಿಗದ ಬಯಲುಸೀಮೆಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು ಮಣ್ಣಿಗೆ ಸ್ವಲ್ಪ ಸಿಮೆಂಟು ಬೆರೆಸಿ, ಒತ್ತುಯಂತ್ರದಲ್ಲಿ ಒತ್ತಿ ಮಾಡುವ ಇಟ್ಟಿಗೆಯನ್ನು ರೂಪಿಸಿದರು. ಆ ಸಂಸ್ಥೆಯಲ್ಲಿ 1974ರಲ್ಲಿ ಪ್ರೊಫೆಸರ್ ಅಮೂಲ್ಯ ರೆಡ್ಡಿಯವರ ಮುಂದಾಳತ್ವದಲ್ಲಿ ಆರಂಭವಾದ 'ಅಸ್ತ್ರ' ಎಂಬ ಕೇಂದ್ರ ಹಳ್ಳಿಗಳಿಗೆ ಬೇಕಾದ ತಂತ್ರಜ್ಞಾನಕ್ಕೆಂದೇ ಹುಟ್ಟಿದ್ದು.

ಅಡುಗೆಮನೆಯ ಪ್ರಶ್ನೆ

'ಅಸ್ತ್ರ'ದ ಹೆಸರು ಕರ್ನಾಟಕದ ಹಳ್ಳಿಹಳ್ಳಿಗೂ ತಲುಪಿದ್ದು ಇಟ್ಟಿಗೆಯಿಂದಲ್ಲ, ಒಲೆಯಿಂದ. 'ಅಸ್ತ್ರ ಒಲೆ' ಎಂಬುದನ್ನು ಇಲ್ಲಿರುವ ತಾಯಂದಿರಲ್ಲಿ ಕೆಲವರು ಬಳಸಿರಬಹುದು. ಬೆಂಕಿ ಒಂದು, ಪಾತ್ರೆ ಮೂರು. ಉರಿ ಒಂದರ ಕೆಳಗಿನಿಂದ ಇನ್ನೊಂದರ ಕೆಳಗೆ ಹಾದು, ಹೊಗೆ ಕೊಳವೆಯಿಂದ ಹೊರಗೆ. ಸೌದೆ ಕಡಿಮೆ, ಕಣ್ಣೀರು ಕಡಿಮೆ, ಕೆಮ್ಮು ಕಡಿಮೆ. ರಾಕೆಟ್ ವಿಜ್ಞಾನ ಓದಬಲ್ಲ ಮಿದುಳುಗಳು ಒಂದು ಒಲೆಯ ಮುಂದೆ ಕುಳಿತು, ಊದುವ ಹೆಂಗಸಿನ ಎದೆಗೆ ಹೊಗೆ ಎಷ್ಟು ಹೋಗುತ್ತದೆ ಎಂದು ಯೋಚಿಸಿದ್ದು ನನ್ನ ಪ್ರಕಾರ ಒಂದು ದೊಡ್ಡ ಇಬಾದತ್‌ಗೆ ಸಮಾನ.

ಈಗ ಮನೆಮನೆಗೆ ಗ್ಯಾಸು ಬಂದಿದೆ. ಆದರೆ ಅಡುಗೆಮನೆಯ ಪ್ರಶ್ನೆ ಮುಗಿದಿಲ್ಲ. ನಮ್ಮಲ್ಲಿ ಮನೆಯ ನಕ್ಷೆ ಮಾಡಿಸುವಾಗ ಯಾರು ಯಾರು ಕೂರುತ್ತಾರೆ? ಯಜಮಾನರು, ಅವರ ಅಣ್ಣ, ಮಾಮ, ಮೇಸ್ತ್ರಿ. ಹಾಲ್ ಎಷ್ಟು ದೊಡ್ಡದಿರಬೇಕು, ಸಿಟ್‌ಔಟಿಗೆ ಎಷ್ಟು ಕಂಬ ಬೇಕು ಎಂಬ ಚರ್ಚೆ ನಡೆಯುತ್ತದೆ. ವರ್ಷಕ್ಕೆ ನಾಲ್ಕು ಬಾರಿ ನೆಂಟರು ಕೂರುವ ಹಾಲಿಗೆ ಎರಡು ದೊಡ್ಡ ಕಿಟಕಿ. ದಿನಕ್ಕೆ ಆರು ಗಂಟೆ ಒಬ್ಬ ತಾಯಿ ನಿಲ್ಲುವ ಅಡುಗೆಮನೆಗೆ ಹಿತ್ತಲಿನ ಗೋಡೆಗೆ ತಾಗಿದ ಒಂದು ಸಣ್ಣ ಜನೇಲು. ರಮಝಾನ್ ತಿಂಗಳಲ್ಲಿ ಉಪವಾಸವಿದ್ದುಕೊಂಡೇ ಅಸರ್‌ನಿಂದ ಮಗ್ರಿಬ್‌ವರೆಗೆ ಎಣ್ಣೆಯ ಬಾಣಲೆಯ ಮುಂದೆ ನಿಲ್ಲುವವರು ಅವರೇ. ಕಟ್ಟೆ ಅವರ ಎತ್ತರಕ್ಕಿದೆಯೇ? ಮೇಲಿನ ಕಪಾಟು ಅವರ ಕೈಗೆ ಎಟಕುತ್ತದೆಯೇ? ಕೇಳಿದವರು ಯಾರು? ಮನೆಯ ನಕ್ಷೆಯ ಮುಂದೆ ಮನೆಯ ತಾಯಿಗೆ ಒಂದು ಕುರ್ಚಿ ಹಾಕಿ ಎಂಬುದು ಈ ಸಭೆಯಲ್ಲಿ ನನ್ನ ಮೊದಲ ವಿನಂತಿ.

ಹಾಗೆಯೇ ವೃದ್ಧರದ್ದು. ಮಂಡಿನೋವಿನ ಅಜ್ಜಿಗೆ ಬಚ್ಚಲಿನಲ್ಲಿ ಹಿಡಿದುಕೊಳ್ಳಲು ಗೋಡೆಗೊಂದು ಸರಳು, ಜಾರದ ನೆಲ, ರಾತ್ರಿ ಕೈಗೆ ಸಿಗುವ ಎತ್ತರದಲ್ಲಿ ಸ್ವಿಚ್ಚು. ಇವಕ್ಕೆ ಆಗುವ ಖರ್ಚು ಹಾಲಿನ ಒಂದು ಝೂಮರಿನ ಬೆಲೆಗಿಂತ ಕಡಿಮೆ.

ಕಾಲು ಮತ್ತು ಗುಂಡಿ

ಇನ್ನೊಬ್ಬರ ಕಷ್ಟ ತಿಳಿದು ಮಾಡಿದ ವಿನ್ಯಾಸಕ್ಕೆ ನಮ್ಮ ದೇಶದಲ್ಲಿ ಎರಡು ಅಪೂರ್ವ ಉದಾಹರಣೆಗಳಿವೆ. ಒಂದು, 1968ರಲ್ಲಿ ರೂಪುಗೊಂಡ ಜೈಪುರ ಕಾಲು. ಆಗ ಸಿಗುತ್ತಿದ್ದ ವಿದೇಶಿ ಕೃತಕ ಕಾಲು ಬೂಟು ಹಾಕಿ ಕುರ್ಚಿಯಲ್ಲಿ ಕೂರುವವರಿಗೆ ಮಾಡಿದ್ದು. ನಮ್ಮ ಜನ ಬರಿಗಾಲಲ್ಲಿ ನಡೆಯುವವರು, ಗದ್ದೆಗೆ ಇಳಿಯುವವರು, ನೆಲದ ಮೇಲೆ ಕೂರುವವರು, ನಮಾಝ್ ಮಾಡುವವರು. ಜೈಪುರದ ವೈದ್ಯ ಡಾ. ಪಿ.ಕೆ. ಸೇಠಿ ಮತ್ತು ಕುಶಲಕರ್ಮಿ ರಾಮಚಂದ್ರ ಶರ್ಮ ಸೇರಿ ರಬ್ಬರಿನಿಂದ ಪಾದ ಮಾಡಿದರು. ಅದು ಬಾಗುತ್ತದೆ, ನೀರಿಗೆ ಹೆದರುವುದಿಲ್ಲ, ಬೂಟು ಕೇಳುವುದಿಲ್ಲ. ವೈದ್ಯರ ವಿದ್ಯೆಗೆ ಕುಶಲಕರ್ಮಿಯ ಕೈ ಸೇರದಿದ್ದರೆ ಆ ಕಾಲು ಹುಟ್ಟುತ್ತಿರಲಿಲ್ಲ ಎಂಬುದನ್ನು ನೆನಪಿಡಿ.

ಎರಡನೆಯದು ಮತಯಂತ್ರ. ಬೆಂಗಳೂರಿನ ಭಾರತ್ ಇಲೆಕ್ಟ್ರಾನಿಕ್ಸ್ ಮತ್ತು ಹೈದರಾಬಾದಿನ ಇಸಿಐಎಲ್ ಇದನ್ನು ತಯಾರಿಸುತ್ತವೆ. ಅದರ ರೂಪ ವಿನ್ಯಾಸದಲ್ಲಿ ಬಾಂಬೆ ಐಐಟಿಯ ವಿನ್ಯಾಸ ವಿಭಾಗದ ಪ್ರಾಧ್ಯಾಪಕರ ಪಾತ್ರವಿದೆ. ಓದು ಬಾರದವರೂ, ಯಂತ್ರ ಮುಟ್ಟದವರೂ ಯಾರನ್ನೂ ಕೇಳದೆ ಬಳಸಬೇಕು. ಹೆಸರು, ಚಿಹ್ನೆ, ಅದರ ಪಕ್ಕದಲ್ಲೇ ನೀಲಿ ಗುಂಡಿ. ಒತ್ತಿದರೆ ಕೆಂಪು ದೀಪ ಮತ್ತು ಒಂದು ಶಬ್ದ. ಕಣ್ಣು ಕಾಣದವರಿಗೆ ಗುಂಡಿಯ ಬದಿಯಲ್ಲಿ ಬ್ರೈಲ್ ಅಂಕಿ. 2004ರ ಲೋಕಸಭಾ ಚುನಾವಣೆಯಲ್ಲಿ ದೇಶದ ಎಲ್ಲ ಕ್ಷೇತ್ರಗಳಲ್ಲೂ ಇದರಲ್ಲೇ ಮತದಾನ ನಡೆಯಿತು. ಇಲ್ಲಿರುವ ಹಿರಿಯರೆಲ್ಲ ಒಂದು ವಿನ್ಯಾಸವನ್ನು ಬೆರಳಿನಿಂದ ಮುಟ್ಟಿ ಬಂದವರೇ. ಇದು ವಿನ್ಯಾಸ ಎಂದು ಅನಿಸಲೇ ಇಲ್ಲ, ಅಲ್ಲವೇ? ಅದೇ ಅದರ ಗುಣ. ಚೆನ್ನಾಗಿ ಮಾಡಿದ ಕೆಲಸ ಸದ್ದು ಮಾಡುವುದಿಲ್ಲ.

ನಮ್ಮ ಪರಂಪರೆ ಏನು ಹೇಳುತ್ತದೆ?

ವಿನ್ಯಾಸ ಎಂಬುದು ಪಾಶ್ಚಾತ್ಯರ ಸ್ವತ್ತು ಎಂಬ ಕೀಳರಿಮೆ ಮಕ್ಕಳಿಗೆ ಬೇಡ. 1206ರಲ್ಲಿ ಅಲ್ ಜಝರಿ ಎಂಬ ಮಹಾನ್ ಶಿಲ್ಪಿ ಯಂತ್ರಗಳ ಕುರಿತು ಅರಬ್ಬಿಯಲ್ಲಿ ಒಂದು ಗ್ರಂಥ ಬರೆದು ಮುಗಿಸಿದರು. ನೀರೆತ್ತುವ ಯಂತ್ರ, ನೀರ್ಗಡಿಯಾರ, ವುಝೂಗೆ ನೀರು ಸುರಿಯುವ ನವಿಲು, ಹೀಗೆ ಒಂದೊಂದಕ್ಕೂ ಚಿತ್ರ ಮತ್ತು ಅಳತೆ ಕೊಟ್ಟು, ಓದಿದ ಕುಶಲಕರ್ಮಿ ಮರಳಿ ಮಾಡುವಂತೆ ಬರೆದರು.

ನಮ್ಮ ಕಾಲಕ್ಕೆ ಬನ್ನಿ. 1929ರಲ್ಲಿ ಢಾಕಾದಲ್ಲಿ ಹುಟ್ಟಿದ ಫಝ್ಲುರ್ ರಹ್ಮಾನ್ ಖಾನ್ ಎಂಬ ಇಂಜಿನಿಯರ್ ಅಮೆರಿಕದ ಶಿಕಾಗೋದಲ್ಲಿ ಗಗನಚುಂಬಿ ಕಟ್ಟಡಗಳನ್ನು ಕಟ್ಟುವ ರೀತಿಯನ್ನೇ ಬದಲಾಯಿಸಿದರು. ಆ ನಗರದ ಸಿಯರ್ಸ್ ಟವರ್ ಅವರ ರಚನಾ ವಿಧಾನದ್ದು. ಅದು ಬಹುಕಾಲ ಜಗತ್ತಿನ ಅತಿ ಎತ್ತರದ ಕಟ್ಟಡವಾಗಿತ್ತು. ಆದರೆ ನಮ್ಮ ಮನಸ್ಸಿಗೆ ಹತ್ತಿರವಾದದ್ದು ಅವರ ಇನ್ನೊಂದು ಕೆಲಸ, 1981ರಲ್ಲಿ ತೆರೆದ ಜಿದ್ದಾದ ಹಜ್ ಟರ್ಮಿನಲ್. ಹಜ್ಜಿನ ದಿನಗಳಲ್ಲಿ ಲಕ್ಷಾಂತರ ಜನ, ಉಳಿದ ತಿಂಗಳು ಜನ ವಿರಳ. ಇಷ್ಟು ದೊಡ್ಡ ಜಾಗವನ್ನು ಏರ್‌ಕಂಡೀಶನ್ ಮಾಡುವುದು ಹೇಗೆ? ಅವರ ತಂಡ ಮರುಭೂಮಿಯ ಗುಡಾರದ ಕಡೆ ನೋಡಿತು. ಬಿಳಿಯ ಬಟ್ಟೆಯಂಥ ನಾರಿನ 210 ಗುಡಾರಗಳು ಉಕ್ಕಿನ ಕಂಬಗಳಿಂದ ತೂಗುತ್ತಿವೆ. ಬಿಸಿಲನ್ನು ಬಟ್ಟೆ ಹಿಂದಕ್ಕೆ ಕಳಿಸುತ್ತದೆ, ಒಳಗಿನ ಬಿಸಿಗಾಳಿ ಗುಡಾರದ ತುದಿಯ ತೆರವಿನಿಂದ ಮೇಲೇರಿ ಹೋಗುತ್ತದೆ. ನಮ್ಮ ಹೆಂಚಿನ ಸಂದಿನ ಉಪಾಯವೇ ಇದು! ಜಿದ್ದಾ ಮಾರ್ಗವಾಗಿ ಹಜ್‌ಗೆ ಹೋದ ಹಿರಿಯರಿಗೆ ಆ ನೆರಳು ನೆನಪಿರಬಹುದು. 1983ರಲ್ಲಿ ಅದಕ್ಕೆ ಆಗಾ ಖಾನ್ ವಾಸ್ತುಶಿಲ್ಪ ಪ್ರಶಸ್ತಿ ಬಂತು. ಖಾನ್ ಅವರು ಕೆಲಸ ಮಾಡುತ್ತಿದ್ದ ಅದೇ ಸಂಸ್ಥೆಯೇ 2022ರಲ್ಲಿ ಉದ್ಘಾಟನೆಯಾದ ಬೆಂಗಳೂರು ವಿಮಾನ ನಿಲ್ದಾಣದ ಎರಡನೇ ಟರ್ಮಿನಲ್ ವಿನ್ಯಾಸ ಮಾಡಿತು. ಅಲ್ಲಿ ಒಳಛಾವಣಿಗೆ ಬಿದಿರು, ನಡುನಡುವೆ ತೂಗುವ ತೋಟ.

ಮಸೀದಿಗಳ ಬಗ್ಗೆಯೂ ಒಂದು ಮಾತು. ಗುಮ್ಮಟ ಮತ್ತು ಮಿನಾರ ಇದ್ದರೆ ಮಾತ್ರ ಮಸೀದಿ ಎಂಬ ಭಾವನೆ ನಮ್ಮಲ್ಲಿ ಬೆಳೆದಿದೆ. ಮದೀನಾದ ಮೊದಲ ಮಸೀದಿಗೆ ಖರ್ಜೂರದ ಬೊಡ್ಡೆಯ ಕಂಬ, ಗರಿಯ ಮಾಡು ಇತ್ತು. ನಮ್ಮ ಕರಾವಳಿಯ ಪುರಾತನ ಮಸೀದಿಗಳೂ ಇಳಿಜಾರು ಮಾಡಿನವು. ಮಂಗಳೂರು ಬಂದರಿನ ಝೀನತ್ ಬಕ್ಷ್ ಮಸೀದಿಯ ಮರದ ಕೆತ್ತನೆ ನೋಡಿ; ಕಲ್ಲಿಕೋಟೆಯ ಮಿಸ್ಕಾಲ್ ಪಳ್ಳಿಯ ಅಂತಸ್ತಿನ ಮಾಡು ನೋಡಿ. ಅವು ಇಲ್ಲಿನ ಮಳೆಗೆ, ಇಲ್ಲಿನ ಮರಕ್ಕೆ, ಇಲ್ಲಿನ ಆಚಾರಿಗಳ ಕೈಗೆ ತಕ್ಕಂತೆ ಹುಟ್ಟಿದವು. ದೂರದ ಧರ್ಮ ಈ ನೆಲದಲ್ಲಿ ಬೇರುಬಿಟ್ಟ ಬಗೆಗೆ ಅವು ಸಾಕ್ಷಿ.

ಇದೇ ದಾರಿಯಲ್ಲಿ ಹೊಸದನ್ನೂ ಮಾಡಬಹುದೆಂದು ತೋರಿಸಿದವರು ಢಾಕಾದ ಮಹಿಳಾ ವಾಸ್ತುಶಿಲ್ಪಿ ಮರೀನಾ ತಬಸ್ಸುಮ್. ಅವರ ಅಜ್ಜಿ ದಾನ ಮಾಡಿದ ಜಾಗದಲ್ಲಿ 2012ರಲ್ಲಿ ಪೂರ್ಣಗೊಂಡ ಬೈತುರ್ ರವೂಫ್ ಮಸೀದಿಗೆ ಗುಮ್ಮಟವೂ ಇಲ್ಲ, ಮಿನಾರವೂ ಇಲ್ಲ. ಬರೀ ಇಟ್ಟಿಗೆ. ಇಟ್ಟಿಗೆಗಳ ಜಾಲಂಧ್ರದಿಂದ ಗಾಳಿ, ಮೇಲ್ಛಾವಣಿಯ ಸಣ್ಣ ಸಣ್ಣ ತೂತುಗಳಿಂದ ನಮಾಝ್ ಮಾಡುವವರ ಮುಂದೆ ಬೆಳಕಿನ ಚುಕ್ಕೆಗಳು. 2016ರಲ್ಲಿ ಅದಕ್ಕೂ ಆಗಾ ಖಾನ್ ಪ್ರಶಸ್ತಿ ದೊರೆಯಿತು. ಬಗ್ದಾದಿನಲ್ಲಿ ಹುಟ್ಟಿದ ಝಹಾ ಹದೀದ್ 2004ರಲ್ಲಿ ವಾಸ್ತುಶಿಲ್ಪದ ಅತ್ಯುನ್ನತವಾದ ಪ್ರಿಟ್ಜ್‌ಕರ್ ಪ್ರಶಸ್ತಿ ಪಡೆದ ಪ್ರಪ್ರಥಮ ಮಹಿಳೆ. ಹೆಣ್ಣುಮಕ್ಕಳ ಹೆತ್ತವರು ಈ ಎರಡು ಹೆಸರುಗಳನ್ನು ಬರೆದಿಟ್ಟುಕೊಳ್ಳಬೇಕು.

ಕೈ ಮತ್ತು ತಲೆ

ನಮ್ಮ ಕರ್ನಾಟಕದ ಎರಡು ಕಸುಬುಗಳನ್ನು ಹೆಸರಿಸದೆ ಈ ಮಾತು ಪೂರ್ಣವಾಗದು. ಬೀದರಿನ ಬಿದ್ರಿ ಕೆಲಸದಲ್ಲಿ ಸತು ಮತ್ತು ತಾಮ್ರದ ಮಿಶ್ರಲೋಹದ ಮೇಲೆ ಬೆಳ್ಳಿಯ ತಂತಿ ಕೂರಿಸಿ, ಬೀದರ್ ಕೋಟೆಯ ಹಳೆಯ ಮಣ್ಣಿನಿಂದ ಲೋಹವನ್ನು ಕಪ್ಪಾಗಿಸುತ್ತಾರೆ. ಲೋಹ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. 2023ರಲ್ಲಿ ಬಿದ್ರಿ ಕಲಾವಿದ ಶಾ ರಶೀದ್ ಅಹ್ಮದ್ ಖಾದ್ರಿಯವರಿಗೆ ಪದ್ಮಶ್ರೀ ಲಭಿಸಿತು. ಚನ್ನಪಟ್ಟಣದ ಬೊಂಬೆಗೆ ಆಲೆಮರ, ಅರಗಿನ ಬಣ್ಣ. ಟಿಪ್ಪು ಸುಲ್ತಾನರು ಅದಕ್ಕೆ ಆಶ್ರಯ ಕೊಟ್ಟರೆಂಬ ಪ್ರತೀತಿ ಇದೆ; ಜಪಾನಿನ ವಿಧಾನಗಳನ್ನು ಕಲಿತು ಇಲ್ಲಿ ಹರಡಿದವರು ಬಾವಾಸ್ ಮಿಯಾ. ಹುಕ್ಕಾ ಮತ್ತು ಪಾನ್‌ದಾನ್ ಮಾಡುತ್ತಿದ್ದ ಬಿದ್ರಿಯವರು ಇಂದಿನ ಮನೆಗಳಿಗೆ ಬೇಕಾದ ವಸ್ತು ಮಾಡಲು ಕಲಿಯಬೇಕಾಯಿತು. ಕಸುಬು ಬದುಕಿ ಉಳಿಯುವುದು ಹೊಸ ವಿನ್ಯಾಸದಿಂದ.

ಇಲ್ಲಿ ನನ್ನ ಮನಸ್ಸಿನ ನೋವೊಂದನ್ನು ಹೇಳಬೇಕು. ನಮ್ಮ ಸಮುದಾಯದಲ್ಲಿ ಮೇಸ್ತ್ರಿಗಳಿದ್ದಾರೆ, ಬಡಗಿಗಳಿದ್ದಾರೆ, ವೆಲ್ಡಿಂಗ್ ಮಾಡುವವರು, ಟೈಲರಿಂಗ್ ಮಾಡುವ ತಾಯಂದಿರು, ಮೆಕ್ಯಾನಿಕ್‌ಗಳು ಇದ್ದಾರೆ. ಅವರ ಮಕ್ಕಳು ತರಗತಿಯಲ್ಲಿ ಅಪ್ಪನ ಕೆಲಸ ಹೇಳಲು ನಾಚುತ್ತಾರೆ. ಅಪ್ಪನೂ 'ನನ್ನ ಹಾಗೆ ಆಗಬೇಡ' ಎನ್ನುತ್ತಾನೆ. ಪುಸ್ತಕ ಓದುವ ತಲೆ ಒಂದು ಕಡೆ, ಕೆಲಸ ಬಲ್ಲ ಕೈ ಇನ್ನೊಂದು ಕಡೆ ಆಗಿಬಿಟ್ಟಿದೆ. ವಿನ್ಯಾಸ ಎಂಬುದು ಈ ಎರಡನ್ನೂ ಮರಳಿ ಜೋಡಿಸುವ ವಿದ್ಯೆ. ಜೈಪುರ ಕಾಲಿನಲ್ಲಿ ಆದದ್ದು ಅದೇ. ಅಳತೆಪಟ್ಟಿ ಇಲ್ಲದೆ ಕಣ್ಣಳತೆಯಲ್ಲೇ ಮಟ್ಟ ಹೇಳಬಲ್ಲ ಮೇಸ್ತ್ರಿಯ ಮಗನಿಗೆ ಗಣಿತವೂ ಸೇರಿದರೆ ಅವನಿಗಿಂತ ಒಳ್ಳೆಯ ಆರ್ಕಿಟೆಕ್ಟ್ ಯಾರು ಸಿಗುತ್ತಾರೆ?

ಪಿಯುಸಿ ವಿದ್ಯಾರ್ಥಿಗಳಿಗೆ ದಾರಿಗಳನ್ನೂ ಹೇಳುತ್ತೇನೆ. ಆರ್ಕಿಟೆಕ್ಚರ್ ಓದಲು ಪಿಯುಸಿಯಲ್ಲಿ ಗಣಿತ ಇರಬೇಕು, ನಾಟಾ ಎಂಬ ಅಭಿರುಚಿ ಪರೀಕ್ಷೆ ಬರೆಯಬೇಕು. ನಮ್ಮ ಮಣಿಪಾಲದಲ್ಲಿಯೇ ಈ ಶಿಕ್ಷಣವಿದೆ. ವಸ್ತು ವಿನ್ಯಾಸ ಓದಲು ಬಯಸುವವರಿಗೆ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯ ಪ್ರವೇಶ ಪರೀಕ್ಷೆ ಇದೆ. 2015ರಿಂದ ಬಾಂಬೆ ಐಐಟಿ ನಡೆಸುತ್ತಿರುವ ಯುಸೀಡ್ ಪರೀಕ್ಷೆ ಇದೆ. ಇವೆರಡನ್ನೂ ಕಲಾ ಮತ್ತು ವಾಣಿಜ್ಯ ವಿಭಾಗದವರೂ ಬರೆಯಬಹುದು. ಇದು ನಮ್ಮ ಅನೇಕ ಮಕ್ಕಳಿಗೆ ಗೊತ್ತೇ ಇಲ್ಲ. ಶುಲ್ಕ ಕಡಿಮೆಯಲ್ಲ, ನಿಜ. ಅದಕ್ಕಾಗಿಯೇ ಸಂಘವಿರುವುದು. ವರ್ಷಕ್ಕೆ ಒಬ್ಬ ವಿದ್ಯಾರ್ಥಿ ಅಥವಾ ವಿದ್ಯಾರ್ಥಿನಿಯನ್ನಾದರೂ ಈ ದಾರಿಗೆ ಕಳಿಸುವ ಸಂಕಲ್ಪವನ್ನು ಪದಾಧಿಕಾರಿಗಳು ಮಾಡಬೇಕೆಂದು ಕೋರುತ್ತೇನೆ.

ಇನ್ನು ಎಲ್ಲ ವಿದ್ಯಾರ್ಥಿಗಳೂ ಇಂದಿನಿಂದಲೇ ಮಾಡಬಹುದಾದ ಕೆಲಸಗಳಿವೆ. ಮಸೀದಿಯ ನಲ್ಲಿಯ ಕೆಳಗೆ ಬಕೆಟ್ ಇಟ್ಟು ಒಂದು ನಿಮಿಷಕ್ಕೆ ಎಷ್ಟು ನೀರು ಬರುತ್ತದೆ ಎಂದು ಅಳೆಯಿರಿ, ಅದನ್ನು ಅರ್ಧಕ್ಕೆ ಇಳಿಸುವ ಉಪಾಯ ಹುಡುಕಿ, ಹರಿದುಹೋಗುವ ನೀರನ್ನು ತೆಂಗಿನ ಬುಡಕ್ಕೆ ತಿರುಗಿಸುವ ನಕ್ಷೆ ಬರೆಯಿರಿ. ಇಷ್ಟು ಮಳೆ ಸುರಿದರೂ ಏಪ್ರಿಲ್‌ನಲ್ಲಿ ಬಾವಿ ತಳ ಕಾಣುವ ಊರು ನಮ್ಮದು. ಮನೆಯಲ್ಲಿ ತಾಯಿ ಒಂದು ದಿನದಲ್ಲಿ ಎಷ್ಟು ಬಾರಿ ಬಗ್ಗುತ್ತಾರೆ ಎಂದು ಎಣಿಸಿ, ಅದನ್ನು ಕಡಿಮೆ ಮಾಡಲು ಏನು ಮಾಡಬಹುದೆಂದು ಅವರನ್ನೇ ಕೇಳಿ. ಶಾಲಾ ಪ್ರವಾಸಕ್ಕೆ ಮಣಿಪಾಲದ ಹಸ್ತಶಿಲ್ಪ ಹೆರಿಟೇಜ್ ವಿಲೇಜ್ ಸೇರಿಸಿಕೊಳ್ಳಿ. ದಿವಂಗತ ವಿಜಯನಾಥ ಶೆಣೈಯವರು ಕೆಡವಲು ಹೊರಟಿದ್ದ ಹಳೆಯ ಮನೆಗಳನ್ನು ಬಿಚ್ಚಿ ತಂದು ಅಲ್ಲಿ ಮರುಜೋಡಿಸಿದ್ದಾರೆ. ಅಲ್ಲಿ ಕಂಬದ ಚಂದ ನೋಡಿ ಸೆಲ್ಫಿ ತೆಗೆದು ಬರಬೇಡಿ. ಗಾಳಿ ಎಲ್ಲಿಂದ ಬರುತ್ತದೆ, ಅಂಗಳದ ನೀರು ಎಲ್ಲಿಗೆ ಹೋಗುತ್ತದೆ ಎಂದು ನೋಡಿ ಬನ್ನಿ.

ಪೋಷಕರೇ, ಮುಂದಿನ ವರ್ಷ ನಿಮ್ಮಲ್ಲಿ ಯಾರೋ ಮನೆ ಕಟ್ಟಲು ಹೊರಡುತ್ತೀರಿ, ಇನ್‌ಶಾ ಅಲ್ಲಾಹ್. ಗೇಟಿನ ಡಿಸೈನು ನೋಡುವ ಮೊದಲು ಮಳೆ ಯಾವ ದಿಕ್ಕಿನಿಂದ ಹೊಡೆಯುತ್ತದೆ ಎಂದು ನೋಡಿ. ಪಕ್ಕದ ಮನೆಯ ಎತ್ತರ ನೋಡುವ ಮೊದಲು ನಿಮ್ಮ ತಾಯಿಯ ಮಂಡಿ ನೋಡಿ. ಮನೆ ದೊಡ್ಡದಾಗಬೇಕಾಗಿಲ್ಲ, ಅದರಲ್ಲಿರುವವರಿಗೆ ಹೊಂದಬೇಕು. ಉಳಿದ ಹಣ ಮಕ್ಕಳ ಓದಿಗಿರಲಿ.

ಜನರಲ್ಲಿ ಉತ್ತಮರು ಜನರಿಗೆ ಪ್ರಯೋಜನವಾಗುವವರು ಎಂಬ ಬೋಧನೆಯನ್ನು ಈ ಸಭೆ ಅನೇಕ ಸಲ ಕೇಳಿದೆ. ವಸ್ತುಗಳಿಗೂ, ಮನೆಗಳಿಗೂ, ಕಟ್ಟಡಗಳಿಗೂ ಅದೇ ಮಾನದಂಡ. ಅಲ್ಲಾಹನು ನಮ್ಮ ಮಕ್ಕಳ ಕೈಗೆ ಕುಶಲತೆಯನ್ನೂ, ತಲೆಗೆ ವಿದ್ಯೆಯನ್ನೂ, ಹೃದಯಕ್ಕೆ ಇನ್ನೊಬ್ಬರ ಕಷ್ಟ ತಿಳಿಯುವ ಗುಣವನ್ನೂ ದಯಪಾಲಿಸಲಿ, ಆಮೀನ್.